ದಪ್ಪಕ್ಷರದ ಸತ್ಯವೇದ: ಎಂಟು ತಿಂಗಳು ಓದಿದ ಮೇಲೆ

ಪುಸ್ತಕದ ಬಗ್ಗೆ ಹೇಳುವ ಮೊದಲು ಅದನ್ನು ಯಾಕೆ ಕೊಂಡೆ ಅನ್ನೋದನ್ನು ಹೇಳಬೇಕು. ಇಲ್ಲದಿದ್ದರೆ ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಬೈಬಲ್ಲಿಗೆ 700 ರೂಪಾಯಿ ಯಾಕೆ ಕೊಟ್ಟಳು ಅಂತ ನಿಮಗೆ ಅನ್ನಿಸಬಹುದು.

ಕಳೆದ ಮಳೆಗಾಲದ ಒಂದು ರಾತ್ರಿ ಅವ್ವ ಬೆಟಗೇರಿಯಿಂದ ಫೋನ್ ಮಾಡಿದ್ದಳು. ಊಟ, ಮಕ್ಕಳ ಪರೀಕ್ಷೆ, ಮಳೆ ಎಲ್ಲ ಮಾತಾಡಿ ಆದ ಮೇಲೆ ದಿನಾ ಕೇಳುವಂತೆ ಕೇಳಿದಳು, "ಇವತ್ತ ಏನ್ ಓದಿದಿ?" ಅವಳು ಕೇಳೋದು ಬೈಬಲ್ ಬಗ್ಗೆ. "ಓದೀನಿ ಬೇ" ಅಂದೆ. "ಓದೀದಿ ಅನ್ನೂದು ಗೊತ್ತೈತಿ. ಏನ್ ಓದಿದಿ ಅಂತ ಕೇಳೀನಿ." ನನಗೆ ಬಾಯಿಗೆ ಏನೂ ಬರಲಿಲ್ಲ. ಬೆಳಿಗ್ಗೆ ಮೆಟ್ರೋದಲ್ಲಿ ನಿಂತುಕೊಂಡೇ ಮೂರು ಅಧ್ಯಾಯ ಓದಿದ್ದೆ. ಆ್ಯಪ್ ನನಗೆ ಶಾಬಾಸ್ ಕೂಡ ಹೇಳಿತ್ತು, ಒಂದು ದಿನವೂ ಬಿಡದೆ 212 ದಿನ ಓದಿದ್ದೀರಿ ಅಂತ. ಆದರೆ ಓದಿದ್ದು ಕೀರ್ತನೆಯೋ, ಯೆಶಾಯನೋ, ಪೌಲನ ಪತ್ರವೋ ಅನ್ನೋದೇ ನೆನಪಿಗೆ ಬರಲಿಲ್ಲ. ಅವ್ವ ಬೈಯಲಿಲ್ಲ. "ಇರ್ಲಿ, ನಾಳಿ ನೆನಪಾದ್ರ ಹೇಳು" ಅಂದು ಫೋನ್ ಇಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಒಂದು ಕೆಲಸ ಮಾಡಿದೆ. ನನ್ನ ಫೋನಿಗೆ ದೇವರ ಹೆಸರಿನಲ್ಲಿ ಬರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ಬೆಳಿಗ್ಗೆ ಏಳರೊಳಗೆ ಗುಲಾಬಿ ಹೂವಿನ ಮೇಲೆ ವಚನ ಬರೆದ ಚಿತ್ರಗಳು ನಾಲ್ಕು, ಅದರಲ್ಲಿ ಎರಡು ಒಂದೇ ಚಿತ್ರ. ಸಭೆಯ ಗುಂಪಿನಲ್ಲಿ ಪ್ರಾರ್ಥನೆ ಕೋರಿಕೆಗಳು. ಮಹಿಳಾ ಕೂಟದ ಗುಂಪಿನಲ್ಲಿ ಯಾರೋ ಬೋಧಕರ ಮೂರು ನಿಮಿಷದ ವಿಡಿಯೋ, ಅದರ ಕೆಳಗೇ ಅದೇ ಬೋಧಕರು ಹೇಳುವುದು ತಪ್ಪು ಅನ್ನುವ ಇನ್ನೊಬ್ಬರ ವಿಡಿಯೋ. ಅಂತ್ಯಕಾಲದ ಗುರುತುಗಳು ಅಂತ ಒಂದು. ಇದನ್ನು ಹತ್ತು ಜನರಿಗೆ ಕಳಿಸಿ ಅಂತ ಒಂದು. ಯೂಟ್ಯೂಬ್ ತಾನಾಗಿಯೇ ಎತ್ತಿ ಕೊಟ್ಟ ಪ್ರಸಂಗಗಳು ಬೇರೆ. ರಾತ್ರಿ ಹೊತ್ತಿಗೆ ಹಾಳೆಯ ಎರಡೂ ಬದಿ ತುಂಬಿತ್ತು. ಕಳಿಸಿದವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಷ್ಟೆಲ್ಲ ನನ್ನ ಕಣ್ಣ ಮುಂದೆ ಹಾದುಹೋದ ದಿನ ನಾನು ದೇವರ ಮಾತನ್ನು ಒಂದು ನಿಮಿಷವೂ ಕೇಳಿಸಿಕೊಂಡಿರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಹೇಳೋಕೆ ಇಷ್ಟವಿಲ್ಲದಿದ್ದರೂ. ಅದಕ್ಕೆ ಕೆಲವು ತಿಂಗಳು ಮೊದಲು ಒಬ್ಬ ಹಿರಿಯರ ಬಗ್ಗೆ, ಅವರು ಕಾಣಿಕೆ ಹಣದಲ್ಲಿ ಏನೋ ಮಾಡಿದ್ದಾರೆ ಅಂತ ಒಂದು ಮೆಸೇಜು ಬಂದಿತ್ತು. ಓದಿದೆ, ಬೇಜಾರಾಯಿತು, ಇನ್ನಿಬ್ಬರಿಗೆ ಕಳಿಸಿದೆ. ಎರಡು ವಾರ ಕಳೆದ ಮೇಲೆ ಲೆಕ್ಕದ ಪುಸ್ತಕ ತೆಗೆದು ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ಆ ಹಿರಿಯರು ಆಮೇಲೆ ತುಂಬಾ ದಿನ ಆರಾಧನೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಆದ ಕೂಡಲೇ ಎದ್ದು ಹೋಗುತ್ತಿದ್ದರು. ನಾನು ಹೋಗಿ ಕ್ಷಮೆ ಕೇಳಿದೆ. "ನೀವೊಬ್ಬರೇ ಅಲ್ಲಮ್ಮ" ಅಂದರು, ಅಷ್ಟೇ. ಆ ಮೆಸೇಜನ್ನು ಮುಂದಕ್ಕೆ ಕಳಿಸಿದ ದಿನವೂ ನನ್ನ ಆ್ಯಪಿನಲ್ಲಿ ಓದಿದ ಗುರುತು ಬಿದ್ದಿತ್ತು.

ಹಾಗಾಗಿ ಕೊಂಡಿದ್ದು ಈ ಪುಸ್ತಕ. ಹಳೆಯ ಅನುವಾದದ ಸತ್ಯವೇದ, ದಪ್ಪಕ್ಷರದ್ದು, 66 ಪುಸ್ತಕಗಳದ್ದು. (ಕಥೋಲಿಕ ಬೈಬಲ್ಲಿನಲ್ಲಿ 73 ಇರುತ್ತವೆ, ನಿಮ್ಮ ಸಭೆಯಲ್ಲಿ ಯಾವುದು ಓದುತ್ತಾರೋ ನೋಡಿಕೊಂಡು ಕೊಳ್ಳಿ.) ಅಂಗಡಿಯಲ್ಲಿ ಕನ್ನಡದವು ಎಲ್ಲ ಒಳಗಿನ ಕಪಾಟಿನಲ್ಲಿದ್ದವು, ಕೇಳಿದ ಮೇಲೆ ತೆಗೆದು ಕೊಟ್ಟರು. ಮೂರು ಅಳತೆ ಇತ್ತು: ಜೇಬಿಗೆ ಹಿಡಿಸುವ ಚಿಕ್ಕದು, ಜಿಪ್ ಇರುವ ನಡುವಿನದು, ಮತ್ತೆ ಇದು. ಅಂಗಡಿಯವರು ಜಿಪ್ ಇರೋದನ್ನೇ ಜಾಸ್ತಿ ಜನ ತಗೊಳ್ತಾರೆ ಅಂದರು. ನನಗೆ ಚಾಳೀಸು ಬಂದಿದೆ, ದೊಡ್ಡದೇ ಬೇಕು ಅಂದೆ.

ಕೈಗೆ ತಗೊಂಡಾಗ ಮೊದಲು ಗೊತ್ತಾಗೋದು ಭಾರ. ಒಂದು ಕೈಯಲ್ಲಿ ಹಿಡಿದು ಓದೋಕೆ ಆಗಲ್ಲ. ಮೆಟ್ರೋದಲ್ಲಿ ನಿಂತು ಓದೋದಂತೂ ಸಾಧ್ಯವೇ ಇಲ್ಲ. ಕೂರಬೇಕು, ಮೇಜಿನ ಮೇಲೋ ತೊಡೆಯ ಮೇಲೋ ಇಟ್ಟುಕೊಳ್ಳಬೇಕು. ಮೊದಲ ವಾರ ಇದು ಕಷ್ಟ ಅನ್ನಿಸಿತು, ಆಮೇಲೆ ಇದೇ ಇದರ ದೊಡ್ಡ ಗುಣ ಅನ್ನಿಸಿತು. ಈ ಪುಸ್ತಕ ಓದುವಾಗ ಬೇರೆ ಏನನ್ನೂ ಮಾಡಲಾಗುವುದಿಲ್ಲ. ಎರಡೂ ಕೈ ಅದಕ್ಕೇ ಬೇಕು.

ಹಾಳೆ ತೆಳು. ಆಚೆ ಬದಿಯ ಅಕ್ಷರ ಸ್ವಲ್ಪ ಮಬ್ಬಾಗಿ ಕಾಣುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಜಾಸ್ತಿ, ಕಿಟಕಿ ಬೆಳಕಿನಲ್ಲಿ ಕಡಿಮೆ. ಪೆನ್ನಿನಲ್ಲಿ ಗೆರೆ ಎಳೆದರೆ ಹಿಂದಕ್ಕೆ ಇಳಿಯುತ್ತದೆ, ಪೆನ್ಸಿಲ್ಲೇ ಸರಿ. ಒತ್ತಕ್ಷರಗಳು ಚೆನ್ನಾಗಿ ಬಿಡಿಬಿಡಿಯಾಗಿ ಕಾಣುತ್ತವೆ, ಚಿಕ್ಕ ಅಳತೆಯ ಪುಸ್ತಕಗಳಲ್ಲಿ ಈ ಒತ್ತಕ್ಷರಗಳೇ ಕಣ್ಣಿಗೆ ತ್ರಾಸು ಕೊಡೋದು. ಬೈಂಡಿಂಗ್ ಹೊಲಿಗೆಯದು, ಅಂಟಿನದ್ದಲ್ಲ. ಕೊಳ್ಳುವಾಗ ಪುಸ್ತಕವನ್ನು ನಡುವೆ ತೆರೆದು ಬೆನ್ನಿನ ಹತ್ತಿರ ದಾರ ಕಾಣುತ್ತದಾ ನೋಡಿ. ನಾನು ಹಿಂದೆ ಒಂದು ಸಲ ನೋಡದೆ ಕೊಂಡು, ಎರಡನೇ ವರ್ಷಕ್ಕೆ ಆದಿಕಾಂಡ ಕೈಗೆ ಕಳಚಿಕೊಂಡು ಬಂದಿತ್ತು. ಗುರುತಿಗೆ ಒಂದು ಕೆಂಪು ರಿಬ್ಬನ್ ಇದೆ. ಒಂದೇ ಇರೋದು. ಹಳೆ ಒಡಂಬಡಿಕೆಗೆ ಒಂದು, ಹೊಸ ಒಡಂಬಡಿಕೆಗೆ ಒಂದು ಕೊಟ್ಟಿದ್ದರೆ ಅನುಕೂಲವಾಗುತ್ತಿತ್ತು.

ಭಾಷೆಯ ವಿಷಯಕ್ಕೆ ಬರೋಣ. ಹಳೆಯ ಅನುವಾದ ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. 23ನೇ ಕೀರ್ತನೆಯ ಮೊದಲ ವಚನವನ್ನೇ ತಗೊಳ್ಳಿ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನನ್ನ ಮಗ ಏಳನೇ ಕ್ಲಾಸು. ಅವನು ಇದನ್ನು ಓದಿ, "ಅಮ್ಮ, ದೇವರು ಕುರುಬ ಆದ್ರೆ ಕೊರತೆ ಯಾಕೆ ಪಡೀಬೇಕು?" ಅಂತ ಕೇಳಿದ. ಅವನಿಗೆ ಅದು 'ಪಡೆಯುತ್ತೇನೆ' ಅಂತ ಕೇಳಿಸಿತ್ತು! ಕೊರತೆಪಡೆನು ಅಂದರೆ ಕೊರತೆ ಪಡುವುದಿಲ್ಲ. ಅರಿಯೆನು, ಒಲ್ಲೆನು ಅಂತ ಶರಣರ ವಚನಗಳಲ್ಲಿ ಬರುತ್ತಲ್ಲ, ಅದೇ ಥರದ ರೂಪ. ಅವನಿಗೆ ಅದನ್ನು ಬಿಡಿಸಿ ಹೇಳೋಕೆ ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾವಿಬ್ಬರೂ ಒಂದೇ ಪದದ ಮುಂದೆ ಕೂತಿದ್ದೆವು. ಸುಲಭ ಅನುವಾದದಲ್ಲಿ ಓದಿದ್ದರೆ ಅವನು ನಿಲ್ಲುತ್ತಲೇ ಇರಲಿಲ್ಲ. ನಾನೂ ಅಷ್ಟೇ, ಇಷ್ಟು ವರ್ಷ ಆ ವಚನ ಬಾಯಿಪಾಠ ಇದ್ದರೂ 'ಕೊರತೆಪಡೆನು' ಅನ್ನುವಾಗ ನಿಂತಿದ್ದು ಅದೇ ಮೊದಲು.

ಹಾಗಂತ ಸುಲಭ ಅನುವಾದ ಬೇಡ ಅನ್ನುವವಳಲ್ಲ ನಾನು. ಹೊಸದಾಗಿ ಓದುವವರಿಗೆ, ಮಕ್ಕಳಿಗೆ, ಪೌಲನ ಉದ್ದುದ್ದ ವಾಕ್ಯಗಳ ಪತ್ರಗಳಿಗೆ ಅದು ಬೇಕೇ ಬೇಕು. ರೋಮಾಪುರದವರಿಗೆ ಬರೆದ ಪತ್ರವನ್ನು ನಾನು ಈಗಲೂ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಓದೋದು.

ಈ ಕನ್ನಡದ ಹಿಂದೆ ಎಷ್ಟು ದುಡಿಮೆ ಇದೆ ಅನ್ನೋದನ್ನೂ ಸ್ವಲ್ಪ ನೆನೆಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಿದ್ದು 1810ರಲ್ಲಿ. ಭಾಷೆ ಕಲಿತು, ಅನುವಾದ ಮಾಡಿ, ತಿದ್ದಿ, ಅಚ್ಚಿಗೆ ಅಕ್ಷರ ಸಿದ್ಧಮಾಡಿಕೊಂಡು, ಪೂರ್ತಿ ಬೈಬಲ್ ಕನ್ನಡದಲ್ಲಿ ಬರುವ ಹೊತ್ತಿಗೆ 1830ರ ದಶಕ ಬಂದಿತ್ತು. ಆಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೋಗ್ಲಿಂಗ್ ಅದನ್ನು ತಿದ್ದಲು ಕೂತರು. ಇದೇ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತೆಗೆದದ್ದು, ಕನ್ನಡದ ಮೊದಲ ಪತ್ರಿಕೆ. ಒಂದು ಪದಕ್ಕೆ ಸರಿಯಾದ ಕನ್ನಡ ಯಾವುದು ಅಂತ ದಿನಗಟ್ಟಲೆ ಮುನ್ಷಿಗಳ ಜೊತೆ ಕೂತು ಯೋಚಿಸಿದ ಜನ ಅವರು. ನಾನು ಅದನ್ನು ಎರಡು ಸ್ಟೇಷನ್ನುಗಳ ನಡುವೆ ಹೆಬ್ಬೆರಳಿನಲ್ಲಿ ತಳ್ಳುತ್ತಾ ಓದುತ್ತಿದ್ದೆ.

ಈಗ ಓದುವ ಕ್ರಮ. ಇಡೀ ಬೈಬಲ್ಲಿನಲ್ಲಿ 1189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕೆಂದರೆ ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಬೇಕು. ಅದನ್ನು ಬಿಟ್ಟೆ. ಅವ್ವ ಹೇಳಿದ ಹಾಗೆ ಬೈಬಲ್ಲಿನ ಜ್ಞಾನೋಕ್ತಿಗಳು ಅನ್ನುವ ಪುಸ್ತಕದಿಂದ ಶುರು ಮಾಡಿದೆ, ಅದರಲ್ಲಿ 31 ಅಧ್ಯಾಯ ಇವೆ, ತಾರೀಕಿಗೆ ಒಂದು. ನಮ್ಮ ಮನೆಯಲ್ಲಿ ಅಪ್ಪ ಇದ್ದಾಗಿನಿಂದ ನಡೆದುಬಂದ ಪದ್ಧತಿ ಅದು. ಇವತ್ತು ತಾರೀಕು ಎಷ್ಟು ಅಂತ ಕ್ಯಾಲೆಂಡರ್ ನೋಡಿದರೆ ಸಾಕು, ಯಾವ ಅಧ್ಯಾಯ ಅಂತ ಗೊತ್ತಾಗುತ್ತದೆ. ಆಮೇಲೆ ನನಗೆ ಅದೂ ಜಾಸ್ತಿ ಅನ್ನಿಸಿ, ಅಧ್ಯಾಯ ಓದಿದ ಮೇಲೆ ಒಂದೇ ವಚನವನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಿಟಕಿಗೆ ಸಿಕ್ಕಿಸುತ್ತೇನೆ. ಒಗ್ಗರಣೆ ಹಾಕುವಾಗ, ಹಾಲು ಉಕ್ಕುವುದನ್ನು ಕಾಯುವಾಗ ಅದೇ ಕಣ್ಣಿಗೆ ಬೀಳುತ್ತದೆ.

ತಿಂಗಳಿನ 18ನೇ ತಾರೀಕು ನನಗೆ ಪ್ರತಿ ಸಲವೂ ಕಷ್ಟದ ದಿನ. 18ನೇ ಅಧ್ಯಾಯ ಓದಿ ನೋಡಿ, ನಮ್ಮ ಕಾಲಕ್ಕೇ ಬರೆದ ಹಾಗಿದೆ. ಮೂಢನಿಗೆ ತಿಳಿದುಕೊಳ್ಳುವುದರಲ್ಲಿ ಇಷ್ಟವಿಲ್ಲ, ತನ್ನ ಮನಸ್ಸಿನಲ್ಲಿದ್ದದ್ದನ್ನು ಹೊರಹಾಕುವುದರಲ್ಲೇ ಇಷ್ಟ ಅಂತ ಎರಡನೇ ವಚನ. ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವವನಿಗೆ ಅದು ಅವಮಾನ ಅಂತ ಹದಿಮೂರನೆಯದು. ಹದಿನೇಳನೆಯದು ನನ್ನ ಎದೆಗೇ ನಾಟಿದ್ದು. ಮೊದಲು ಮಾತಾಡಿದವನು ಹೇಳಿದ್ದೇ ಸರಿ ಅನ್ನಿಸುತ್ತದೆ, ಎದುರಿನವನು ಬಂದು ಪ್ರಶ್ನೆ ಕೇಳುವವರೆಗೆ. ಆ ಹಿರಿಯರ ವಿಷಯದಲ್ಲಿ ನಾನು ಮೊದಲು ಬಂದ ಮಾತನ್ನೇ ನಂಬಿದೆ, ಎದುರಿನವರು ಬಾಯಿ ಬಿಡುವ ಮೊದಲೇ ತೀರ್ಪು ಹೇಳಿ ಕಳಿಸಿಯೂ ಬಿಟ್ಟೆ. ಈ ವಚನವನ್ನು ನಾನು ಜೀವನದಲ್ಲಿ ಎಷ್ಟು ಸಲ ಓದಿರಬಹುದು! ಓದಿದ್ದೆ, ಆದರೆ ಬೇಕಾದಾಗ ಅದು ನನ್ನ ಹತ್ತಿರ ಇರಲಿಲ್ಲ. ಈಗ ಅದರ ಪಕ್ಕದಲ್ಲಿ ಪೆನ್ಸಿಲ್ ಗೆರೆ ಇದೆ, ಗೆರೆಯ ಪಕ್ಕದಲ್ಲಿ ಆ ಹಿರಿಯರ ಹೆಸರಿನ ಮೊದಲ ಅಕ್ಷರ.

ಇನ್ನೊಂದು ಭಾಗ, 24ನೇ ಅಧ್ಯಾಯದ ಕೊನೆಯದು. ಒಬ್ಬ ಮನುಷ್ಯ ಸೋಮಾರಿಯ ಹೊಲದ ಪಕ್ಕ ನಡೆದು ಹೋಗುತ್ತಿದ್ದಾನೆ. ಹೊಲದ ತುಂಬಾ ಮುಳ್ಳು, ಕಳೆ, ಕಲ್ಲಿನ ಗೋಡೆ ಕುಸಿದು ಬಿದ್ದಿದೆ. ನಾವಾದರೆ ಏನು ಮಾಡುತ್ತಿದ್ದೆವು? ಒಂದು ಫೋಟೋ ತೆಗೆದು ಮುಂದೆ ಹೋಗುತ್ತಿದ್ದೆವು, ಅಲ್ವಾ? ಅವನು ನಿಲ್ಲುತ್ತಾನೆ. ನೋಡುತ್ತಾನೆ, ಮನಸ್ಸಿಗೆ ತಂದುಕೊಳ್ಳುತ್ತಾನೆ, ಆ ನೋಟದಿಂದ ತಾನು ಬುದ್ಧಿ ಕಲಿಯುತ್ತಾನೆ. ಸೋಮಾರಿಗೆ ಬೈಯಲು ಹೋಗುವುದಿಲ್ಲ. ನನಗೆ ಈ ಐದು ವಚನ ಒಂದು ವಾರ ಹಿಡಿಯಿತು. ನಮ್ಮ ಬೆಟಗೇರಿ ಕಡೆ ಎರೆ ಹೊಲದಲ್ಲಿ ಒಂದು ವರ್ಷ ಕೈಯಾಡಿಸದೆ ಬಿಟ್ಟರೆ ಕರಿಕೆ ಹೇಗೆ ಹಬ್ಬುತ್ತದೆ ಅಂತ ಕಂಡವರಿಗೆ ಗೊತ್ತು, ಆಮೇಲೆ ಅದನ್ನು ಕಿತ್ತು ಹಾಕೋದು ಒಬ್ಬರ ಕೈಲಾಗುವ ಕೆಲಸವಲ್ಲ. ನನ್ನ ಪ್ರಾರ್ಥನೆ ಹಾಗೇ ಆಗಿತ್ತು ಅನ್ನಿಸಿತು. ನಾನು ಸೋಮಾರಿಯಾಗಿರಲಿಲ್ಲ, ಬೆಳಗಿಂದ ರಾತ್ರಿಯವರೆಗೆ ಏನಾದರೂ ಓದುತ್ತಲೇ ಇದ್ದೆ, ಆದರೂ ಹೊಲದ ತುಂಬಾ ಕರಿಕೆ.

ನಮ್ಮ ಸಭೆಗೆ ಬರುವ ನಿವೃತ್ತ ಅಯ್ಯನವರೊಬ್ಬರು (ಪಾಸ್ಟರು) ಇದ್ದಾರೆ, ಹಳೆ ಒಡಂಬಡಿಕೆಯ ಮೂಲ ಭಾಷೆಯಾದ ಇಬ್ರಿಯ, ಅಂದರೆ ಹೀಬ್ರೂ, ಓದಿಕೊಂಡವರು. ಇದನ್ನೆಲ್ಲ ಅವರಿಗೆ ಹೇಳಿದಾಗ ಎರಡು ವಿಷಯ ಹೇಳಿಕೊಟ್ಟರು. ಒಂದನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಅಂತ ಬರುತ್ತದಲ್ಲ, ಆ ಇಬ್ರಿಯ ಪದ 'ಹಾಗಾ'. ಅದಕ್ಕೆ ಕಣ್ಣುಮುಚ್ಚಿ ಸುಮ್ನೆ ಕೂರುವುದು ಅಂತ ಅರ್ಥವಲ್ಲ, ಬಾಯೊಳಗೆ ಗುನುಗುವುದು, ಮೆಲ್ಲಗೆ ಉಚ್ಚರಿಸುವುದು. ಯೆಶಾಯನ 31ನೇ ಅಧ್ಯಾಯದಲ್ಲಿ ಸಿಂಹ ತನ್ನ ಬೇಟೆಯ ಮೇಲೆ ಕೂತು ಗುರುಗುಟ್ಟುವುದಕ್ಕೂ ಅದೇ ಪದ. ಹಿಡಿದ ಬೇಟೆಯನ್ನು ಬಿಟ್ಟುಕೊಡದ ಸಿಂಹದ ಹಾಗೆ ವಾಕ್ಯದ ಮೇಲೆ ಕೂರಬೇಕಮ್ಮಾ ಅಂದರು. ಎರಡನೆಯದು, ಸೊಲೊಮೋನ ದೇವರ ಹತ್ತಿರ ಬೇಡಿಕೊಂಡದ್ದು ಜ್ಞಾನ ಅಂತ ನಾವು ಹೇಳುತ್ತೇವೆ, ಆದರೆ ಇಬ್ರಿಯದಲ್ಲಿ ಅವನು ಕೇಳಿದ್ದು 'ಕೇಳಿಸಿಕೊಳ್ಳುವ ಹೃದಯ'. ಅವನಿಗೆ ಜನರ ನ್ಯಾಯ ತೀರಿಸುವ ಕೆಲಸವಿತ್ತು. ಕೇಳಿಸಿಕೊಳ್ಳದೆ ನ್ಯಾಯ ಹೇಳೋಕಾಗಲ್ಲ. ಈ ಮಾತು ಕೇಳಿ ಮನೆಗೆ ಬಂದು ಅರಸುಗಳ ಮೊದಲ ಪುಸ್ತಕದ ಮೂರನೇ ಅಧ್ಯಾಯ ತೆಗೆದು ಓದಿದೆ, ಜೋರಾಗಿ. ಪಕ್ಕದ ಕೋಣೆಯಿಂದ ಮಗ ಬಂದು ಕೂತು, ಮಗುವನ್ನು ಎರಡು ತುಂಡು ಮಾಡಿ ಅನ್ನುವ ಜಾಗ ಬಂದಾಗ ನನ್ನ ಸೆರಗು ಹಿಡಿದುಕೊಂಡ.

ಜೋರಾಗಿ ಓದುವುದಕ್ಕೆ ಈ ದಪ್ಪಕ್ಷರ ತುಂಬಾ ಅನುಕೂಲ. ಕಣ್ಣು ಸಾಲು ತಪ್ಪುವುದಿಲ್ಲ. ಅಪ್ಪ ಕುಟುಂಬ ಪ್ರಾರ್ಥನೆಯಲ್ಲಿ ರಾಗವಾಗಿ ಓದುತ್ತಿದ್ದರು, ಹಳೆಯ ಅನುವಾದಕ್ಕೆ ಆ ರಾಗ ಚೆನ್ನಾಗಿ ಒಗ್ಗುತ್ತದೆ. ನನ್ನ ಬಾಯಲ್ಲಿ ಅದೇ ರಾಗ ಬಂದಾಗ ನನಗೇ ಆಶ್ಚರ್ಯವಾಯಿತು.

ಮೊಬೈಲ್ ಆ್ಯಪಿಗೆ ಅನ್ಯಾಯ ಮಾಡಬಾರದು. ಒಂದು ಪದ ಬೈಬಲ್ಲಿನಲ್ಲಿ ಎಲ್ಲೆಲ್ಲಿ ಬಂದಿದೆ ಅಂತ ಹುಡುಕೋಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಓದಿ ಕೇಳಿಸುವ ಸೌಲಭ್ಯ ಇರುವುದರಿಂದ ಕಣ್ಣು ಮಂಜಾದ ನನ್ನ ಅತ್ತೆಯವರು ದಿನಾ ಕೇಳುತ್ತಾರೆ, ಅವರಿಗೆ ಅದು ದೊಡ್ಡ ಉಪಕಾರ. ಊರಿಂದ ದೂರ, ಕನ್ನಡ ಪುಸ್ತಕ ಸಿಗದ ದೇಶದಲ್ಲಿರುವವರಿಗೂ ಅಷ್ಟೇ. ನಾನು ಫೋನಿನಿಂದ ಆ್ಯಪ್ ತೆಗೆದಿಲ್ಲ. ಅದರ ನೆನಪೋಲೆಗಳನ್ನು ಮಾತ್ರ ನಿಲ್ಲಿಸಿದೆ. ದಿನಗಳ ಲೆಕ್ಕ ಸೊನ್ನೆಗೆ ಬಂದ ದಿನ ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಗುಂಪುಗಳಲ್ಲೂ ಇದ್ದೇನೆ. ಯಾರಾದರೂ ಕಾಯಿಲೆ ಬಿದ್ದರೆ, ಯಾರದಾದರೂ ಮನೆಯಲ್ಲಿ ಸಾವಾದರೆ ಗೊತ್ತಾಗಬೇಕಲ್ಲ. ಆದರೆ ಏನನ್ನಾದರೂ ಮುಂದಕ್ಕೆ ಕಳಿಸುವ ಮೊದಲು ಯಾಕೋಬನ ಪತ್ರದ 3:17 ನೋಡುತ್ತೇನೆ. ಮೇಲಿನಿಂದ ಬರುವ ಜ್ಞಾನ ಹೇಗಿರುತ್ತದೆ ಅಂತ ಅಲ್ಲಿ ಬರೆದಿದೆ, ಶುದ್ಧ, ಸಮಾಧಾನ ತರುವಂಥದ್ದು, ಮೃದು, ಕರುಣೆ ತುಂಬಿದ್ದು, ಕಪಟವಿಲ್ಲದ್ದು. ಈ ಮೆಸೇಜು ಹಾಗಿದೆಯಾ? ಬೆರೋಯ ಅನ್ನುವ ಊರಿನ ಜನ ಪೌಲನೇ ಬಂದು ಹೇಳಿದರೂ ಅದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರಂತೆ, ಅಪೊಸ್ತಲರ ಕೃತ್ಯಗಳಲ್ಲಿ ಲೂಕ ಅವರನ್ನು ಹೊಗಳುತ್ತಾನೆ. ಪೌಲನ ಮಾತನ್ನೇ ಪರೀಕ್ಷೆ ಮಾಡಿದ್ದಾರೆ ಅಂದಮೇಲೆ ಮೂರು ನಿಮಿಷದ ವಿಡಿಯೋವನ್ನು ನಾವು ಪರೀಕ್ಷೆ ಮಾಡೋದು ಅವಿಶ್ವಾಸ ಆಗುವುದಿಲ್ಲ. ನಮ್ಮ ಮಹಿಳಾ ಕೂಟದಲ್ಲಿ ಇದನ್ನು ಹೇಳಿದಾಗ ಇಬ್ಬರಿಗೆ ಬೇಜಾರಾಯಿತು, ಗೊತ್ತು. ಆದರೂ ಹೇಳುತ್ತೇನೆ.

ಕೊಳ್ಳುವವರಿಗೆ ಇನ್ನು ಕೆಲವು ಮಾತು. ದಿನಾ ಹೊತ್ತುಕೊಂಡು ಆರಾಧನೆಗೆ ಹೋಗುವವರು ನಡುವಿನ ಅಳತೆಯದ್ದೇ ತಗೊಳ್ಳಿ, ಇದು ಮನೆಯಲ್ಲಿ ಇಟ್ಟು ಓದುವ ಪುಸ್ತಕ. ನಾಲ್ವತ್ತು ದಾಟಿದ್ದರೆ ಯೋಚನೆ ಮಾಡದೆ ದಪ್ಪಕ್ಷರಕ್ಕೆ ಹೋಗಿ. ಕವರ್ ಬೇರೆ ಹಾಕಿಸಬೇಕು, ಇದರ ರಟ್ಟಿನ ಮೂಲೆಗಳು ಬೇಗ ಮೆತ್ತಗಾಗುತ್ತವೆ, ನನ್ನದರ ಎರಡು ಮೂಲೆ ಆಗಲೇ ಹೋಗಿವೆ. ಹಿಂದೆ ಒಂದಿಷ್ಟು ಖಾಲಿ ಹಾಳೆ ಇರಬೇಕಿತ್ತು, ಇಲ್ಲ. ನಾನು ನೋಟ್‌ಬುಕ್ಕಿನ ನಾಲ್ಕು ಹಾಳೆ ಹರಿದು ಹಿಂದಿನ ರಟ್ಟಿಗೆ ಅಂಟಿಸಿಕೊಂಡಿದ್ದೇನೆ. ಓದಿ ಅರ್ಥವಾಗದ್ದನ್ನು ಅಲ್ಲಿ ಬರೆದಿಟ್ಟು ಭಾನುವಾರ ಅಯ್ಯನವರನ್ನು ಕೇಳುತ್ತೇನೆ. ಮೊದಲಾಗಿದ್ದರೆ ಆ ಕ್ಷಣವೇ ಯೂಟ್ಯೂಬಿನಲ್ಲಿ ಹುಡುಕುತ್ತಿದ್ದೆ. ಈಗ ಒಂದು ಪ್ರಶ್ನೆ ಮೂರು ನಾಲ್ಕು ದಿನ ನನ್ನ ಜೊತೆ ಇರುತ್ತದೆ, ಕೆಲವು ಸಲ ಭಾನುವಾರ ಬರುವ ಮೊದಲೇ ಬೇರೊಂದು ವಚನ ಓದುವಾಗ ಉತ್ತರ ಸಿಗುತ್ತದೆ.

700 ರೂಪಾಯಿಗೆ ಇದು ನನ್ನ ಈ ವರ್ಷದ ಅತ್ಯಂತ ಒಳ್ಳೆಯ ಖರೀದಿ.

ನಿನ್ನೆ ರಾತ್ರಿ ಅವ್ವ ಫೋನ್ ಮಾಡಿದ್ದಳು. "ಏನ್ ಓದಿದಿ?" ಅಂದಳು. ಗೋಡೆ ಬಿದ್ದ ಹೊಲದ್ದು ಅಂದೆ. "ಅದನ್ನ ಹೋದ ತಿಂಗಳೂ ಹೇಳಿದ್ದಿ" ಅಂದಳು. ಹೌದು ಬೇ, ಇನ್ನೂ ಮುಗಿದಿಲ್ಲ ಅಂದೆ. ಅವಳು ಆ ಕಡೆ ಕನ್ನಡಕ ಹುಡುಕಿಕೊಂಡು, ಪುಟ ತಿರುವಿ, ಆ ಐದು ವಚನವನ್ನು ಫೋನಿನಲ್ಲೇ ಓದಿದಳು. ಅವಳ ಪುಸ್ತಕ ಅಪ್ಪನ ಕಾಲದ್ದು, ಅಕ್ಷರ ಚಿಕ್ಕದು, ಎರಡು ಕಡೆ ತಡವರಿಸಿದಳು. ಶನಿವಾರ ಅದೇ ಅಂಗಡಿಗೆ ಹೋಗಿ ಇಂಥದ್ದೇ ಇನ್ನೊಂದು ತರಬೇಕು, ಹಬ್ಬಕ್ಕೆ ಊರಿಗೆ ಹೋಗುವಾಗ ತಗೊಂಡು ಹೋಗೋಕೆ.